ಸಾನ್ ಎಲ್ಫೆಗೊದ ಇನ್ನೂರ ಐವತ್ತು

ನವೆಂಬರಿನ ಆ ಮಧ್ಯಾಹ್ನ ಡಾಕ್ಟರ್ ಓರ್ದಾಸರ ಕೋಣೆಯಲ್ಲಿ ನ್ಯಾಯ ಮಿರೇಯಾಳ ಕೈಯಲ್ಲೇ ಇತ್ತು. ಹದಿನಾಲ್ಕು ಹಾಳೆಗಳ ನ್ಯಾಯ. ಅವಳು ಅದನ್ನು ಅರ್ಧ ಹೊರಗೆಳೆದಳು, ಮತ್ತೆ ಚೀಲದೊಳಕ್ಕೆ ತಳ್ಳಿ ಜಿಪ್ಪು ಎಳೆದುಕೊಂಡಳು. ಯಾಕೆ ಅಂತ ಹೇಳುತ್ತೇನೆ. ಅವಳನ್ನು ಬೈಯುವವರು ಪೂರ್ತಿ ಕೇಳಿಯೇ ಬೈಯಲಿ.

ಮಿರೇಯಾ ಗಣಿ ಎಂಜಿನಿಯರಿಂಗ್ ಕೊನೆಯ ವರ್ಷದವಳು. ಅವಳಪ್ಪ ದೋನ್ ವೆನ್ಸೆ ಮೂವತ್ತೊಂದು ವರ್ಷ ಗ್ವಾನಹ್ವಾತೊ ಊರಿನ ಬೆಳ್ಳಿ ಗಣಿಗಳಲ್ಲಿ ಕಲ್ಲು ಕೊರೆದವನು. ಅಷ್ಟು ವರ್ಷ ಕೊರೆದು ಮನೆಗೆ ತಂದದ್ದೆಂದರೆ ಕಲ್ಲಿನ ಪುಡಿ ತುಂಬಿದ ಎದೆ ಮತ್ತು ಮದ್ದಿನ ಸದ್ದಿಗೆ ಕೆಟ್ಟುಹೋದ ಕಿವಿ. ಅವನ ಜೊತೆ ಮಾತಾಡಬೇಕೆಂದರೆ ಇಡೀ ಓಣಿಗೆ ಕೇಳುವ ಹಾಗೆ ಕೂಗಬೇಕು. ಓದಿದ್ದು ಎರಡನೇ ಕ್ಲಾಸು, ಅಕ್ಷರ ಅಷ್ಟಕ್ಕಷ್ಟೇ. ಆದರೆ ಅಂಕಿಯ ವಿಷಯಕ್ಕೆ ಬಂದರೆ ಬೇರೆಯೇ ಮನುಷ್ಯ. ಊರಿನ ಮೇಲ್ಭಾಗದ ಗುಡ್ಡದಲ್ಲಿ ಸಾನ್ ಎಲ್ಫೆಗೊ ಅಂತ ಒಂದು ಹಾಳುಬಿದ್ದ ಗಣಿ. ಅವನ ಅಜ್ಜ, ಮುತ್ತಜ್ಜ ದುಡಿದು ಸತ್ತ ಗಣಿ ಅದು. ಯಾರ ಹತ್ತಿರವೂ ಅದರ ನಕ್ಷೆ ಇರಲಿಲ್ಲ. ದೋನ್ ವೆನ್ಸೆ ಪ್ರತಿ ಭಾನುವಾರ ಪೂಜೆ ಮುಗಿಸಿ, ಅಜ್ಜ ಕೊಟ್ಟ ಅಳತೆಗೋಲು ಹಿಡಿದು ಅದರೊಳಗಿಳಿದು, ಸುರಂಗ ಸುರಂಗವನ್ನೂ ಅಳೆದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದ. ಸಂಬಳವಿಲ್ಲ, ಕೇಳಿದವರಿಲ್ಲ. ಹೆಂಡತಿ ಬದುಕಿದ್ದಾಗ ಬೈದಳು, ಸತ್ತಮೇಲೆ ಬೈಯಲೂ ಯಾರೂ ಉಳಿಯಲಿಲ್ಲ.

ಹೆಂಗಸು ಗಣಿಗೆ ಕಾಲಿಟ್ಟರೆ ಬೆಳ್ಳಿಯ ಎಳೆ ಮಾಯವಾಗುತ್ತದೆ ಅಂತ ಹಳೇ ಗಣಿಯವರ ನಂಬಿಕೆ. ವರ್ಷದಲ್ಲಿ ಒಂದೇ ದಿನ ಅದಕ್ಕೆ ರಿಯಾಯಿತಿ. ಈಸ್ಟರಿಗೆ ಮುಂಚೆ ಬರುವ ದುಃಖಮಾತೆಯ ಶುಕ್ರವಾರ ಗಣಿಯೊಳಗೇ ಅವಳ ಪೀಠ ಕಟ್ಟಿ, ಹೂವು, ಮೊಳಕೆ ಬಂದ ಗೋಧಿ, ಮೇಣದಬತ್ತಿ ಇಟ್ಟು ಹೆಂಡತಿ ಮಕ್ಕಳನ್ನೆಲ್ಲ ಒಳಗೆ ಕರೆಯುತ್ತಾರೆ. ಏಳು ವರ್ಷದ ಮಿರೇಯಾ ಆ ದಿನ ಅಪ್ಪನ ಕೈಹಿಡಿದು ಒಳಗೆ ಹೋದವಳು, ಮಾರನೇ ಭಾನುವಾರವೂ ಬರುತ್ತೇನೆಂದು ನೆಲದ ಮೇಲೆ ಬಿದ್ದು ಹೊರಳಾಡಿದಳು. ಅಂದಿನಿಂದ ಸಾನ್ ಎಲ್ಫೆಗೊದಲ್ಲಿ ಕೋಲಿನ ಒಂದು ತುದಿ ಅಪ್ಪನದು, ಇನ್ನೊಂದು ತುದಿ ಮಗಳದು. ಕೊನೆಯ ವರ್ಷದ ಪ್ರಬಂಧಕ್ಕೆ ಆ ನಕ್ಷೆಯನ್ನೇ ಸಿದ್ಧಮಾಡಿ, ಮುಖಪುಟದಲ್ಲಿ ಅಪ್ಪನ ಹೆಸರನ್ನೂ ಹಾಕಿಸಬೇಕು ಅನ್ನುವುದು ಅವಳ ಆಸೆ. ಬೇರೆ ಆಸೆ ಅವಳಿಗೆ ಇರಲೂ ಇಲ್ಲ.

ಅದಕ್ಕೆ ಕಲ್ಲು ಹಾಕಿದವನು ಫಾಬ್ರಿಸಿಯೊ. ಲೆಯೋನ್ ಪಟ್ಟಣದ ಚಪ್ಪಲಿ ಕಾರ್ಖಾನೆಯ ಮನೆಯ ಹುಡುಗ, ಅವಳದೇ ಕ್ಲಾಸು. ದೊನ್ಯ ಚೋಲೆಯ ಹಾಸ್ಟೆಲ್ ಮನೆಯಲ್ಲಿ ರೂಮು. ಸಂಜೆಯಾದರೆ ಕರಿ ನಿಲುವಂಗಿ ಹೊದ್ದು, ಅದರ ಮೇಲೆ ಹುಡುಗಿಯರು ಕಟ್ಟಿದ ಬಣ್ಣದ ರಿಬ್ಬನ್ನು ಇಳಿಬಿಟ್ಟುಕೊಂಡು, ವಿದ್ಯಾರ್ಥಿ ಮೇಳದ ಜೊತೆ ಮ್ಯಾಂಡೊಲಿನ್ ಬಾರಿಸುತ್ತ ಓಣಿ ಓಣಿ ಸುತ್ತುವವನು. ಹಿಂದೆ ಪ್ರವಾಸಿಗರ ಹಿಂಡು. ಅವನ ನಿಲುವಂಗಿಯ ನೀಲಿ ರಿಬ್ಬನ್ನು ಮಿರೇಯಾಳದು. ಎರಡು ವರ್ಷದ ಸ್ನೇಹ, ಸ್ನೇಹಕ್ಕಿಂತ ಒಂದು ಕೈ ಹೆಚ್ಚೇ ಅನ್ನಿ. ಆಗಸ್ಟಿನಲ್ಲಿ ಅಪ್ಪ ಉಸಿರು ಕಟ್ಟಿ ಒಂಬತ್ತು ದಿನ ಆಸ್ಪತ್ರೆ ಸೇರಿದಾಗ ಅವಳು ನೋಟುಪುಸ್ತಕಗಳಿದ್ದ ಚೀಲವನ್ನು ಅವನ ಕೈಗೆ ಕೊಟ್ಟು, "ಜೋಪಾನ ಕಣೋ, ಇದು ನಮ್ಮಪ್ಪನ ಜೀವ" ಅಂದಿದ್ದಳು. ಆ ಪುಣ್ಯಾತ್ಮ ಒಂದೊಂದು ಪುಟವನ್ನೂ ಜೋಪಾನವಾಗಿ ಫೋಟೋ ತೆಗೆದುಕೊಂಡ. ಅಕ್ಟೋಬರಿನಲ್ಲಿ ಸಾನ್ ಎಲ್ಫೆಗೊದ ನಕ್ಷೆಯನ್ನು ತನ್ನ ಪ್ರಬಂಧದ ವಿಷಯ ಅಂತ ನೋಂದಾಯಿಸಿದ. ನವೆಂಬರಿನಲ್ಲಿ ಮಿರೇಯಾ ನೋಂದಣಿಗೆ ಹೋದರೆ ಗುಮಾಸ್ತೆ, "ಈ ವಿಷಯ ಹೋಯ್ತಲ್ಲಮ್ಮ, ನಿನ್ನ ಫ್ರೆಂಡೇ ತಗೊಂಡಿದಾನೆ, ಹೇಳ್ಲಿಲ್ವಾ?" ಅಂದಳು.

ಹಾಗಾಗಿ ಡಾಕ್ಟರ್ ಓರ್ದಾಸರ ಕೋಣೆ. ಓರ್ದಾಸರು ಫಾಬ್ರಿಸಿಯೊಗೆ ಮಾರ್ಗದರ್ಶಕರು. ಓದದೆ ಸಹಿ ಹಾಕುವುದರಲ್ಲಿ ಹೆಸರಾದವರು.

"ಮಿರೇ, ನೀನು ಹಿಂಗಂದ್ರೆ ನಂಗೆ ಬೇಜಾರಾಗುತ್ತೆ ಕಣೇ," ಅಂದ ಫಾಬ್ರಿಸಿಯೊ. "ಇಬ್ರೂ ಕೂತು ಮಾತಾಡ್ಕೊಂಡಿದ್ದ ವಿಷಯ ತಾನೇ? ಒಬ್ರು ಮೊದ್ಲು ಬರ್ಕೊಟ್ರು ಅಂದ್ಮಾತ್ರಕ್ಕೆ ಕಳ್ಳ ಅಂತೀಯಾ?"

"ಪುರಾವೆ ಇದ್ರೆ ಇಡಮ್ಮ," ಅಂದರು ಓರ್ದಾಸರು, ಗಡಿಯಾರ ನೋಡುತ್ತ. "ಇಲ್ಲಾಂದ್ರೆ ನನ್ನ ಊಟದ ಹೊತ್ತಾಯ್ತು."

ಪುರಾವೆ ಇತ್ತು. ಎರಡು ವರ್ಷ ಕೂತು ಅಪ್ಪನ ಅಂಕಿಗಳನ್ನೆಲ್ಲ ಮೀಟರಿಗೆ ಇಳಿಸಿ, ತಾರೀಖು ಹಾಕಿ, ಹಿಂದಿನ ಮೇಷ್ಟರ ಹತ್ತಿರ ಸಹಿಯನ್ನೂ ಮಾಡಿಸಿಟ್ಟಿದ್ದ ಹಾಳೆಗಳು. ಅವಳು ಚೀಲಕ್ಕೆ ಕೈಹಾಕಿದಳು. ಆಗಲೇ ಅವಳ ಕಣ್ಣು ಮೇಜಿನ ಮೇಲೆ ಹರಡಿದ್ದ ಫಾಬ್ರಿಸಿಯೊನ ನಕ್ಷೆಯ ಮೇಲೆ ಬಿತ್ತು. ಗಣಿಗೆ ಇಳಿಯುವ ದೊಡ್ಡ ಬಾವಿಯಿಂದ ಹಿಂದಿನ ಬಾವಿಗೆ ನೇರ ಹೋಗುವ ಸುರಂಗ. ಪಕ್ಕದಲ್ಲಿ ಚೆಂದವಾಗಿ ಅಚ್ಚಾಗಿತ್ತು: ಇನ್ನೂರ ಐವತ್ತು ಮೀಟರ್.

ಹಳೇ ಗಣಿಯವರು ಮೀಟರಿನಲ್ಲಿ ಅಳೆಯುವವರಲ್ಲ. ಅವರದು ವಾರಾ, ಸ್ಪೇನಿನವರ ಕಾಲದ ಅಳತೆ, ಮೀಟರಿಗಿಂತ ಆರಂಗುಲ ಚಿಲ್ಲರೆ ಕಡಿಮೆ. ದೋನ್ ವೆನ್ಸೆಯ ಕೋಲು ಒಂದು ವಾರಾ ಉದ್ದ. ನೋಟುಪುಸ್ತಕದಲ್ಲಿ ಅವನು ಎಲ್ಲೂ ವಾರಾ ಅಂತ ಬರೆದಿಲ್ಲ. ಉಪ್ಪಿನ ಡಬ್ಬಿಯ ಮೇಲೆ ಯಾರಾದರೂ ಉಪ್ಪು ಅಂತ ಬರೆದಿಡುತ್ತಾರೆಯೇ? ಅಂಕಿ ಮಾತ್ರ ಇತ್ತು. ಕದ್ದವನಿಗೆ ಅಂಕಿ ಮಾತ್ರ ಸಿಕ್ಕಿತ್ತು. ಇನ್ನೂರ ಐವತ್ತು ವಾರಾ ಅಂದರೆ ಇನ್ನೂರ ಒಂಬತ್ತೂವರೆ ಮೀಟರ್. ಇಡೀ ನಕ್ಷೆ, ಒಂದು ಗೆರೆಯೂ ಬಿಡದಂತೆ, ತಪ್ಪು.

ಮಿರೇಯಾ ಅರ್ಧ ಹೊರಗೆಳೆದಿದ್ದ ಹಾಳೆಗಳನ್ನು ಅಲ್ಲೇ ತಡೆದು ಹಿಡಿದಳು. ಈ ಹಾಳೆಗಳನ್ನು ಈಗ ಮೇಜಿನ ಮೇಲಿಟ್ಟರೆ ಏನಾಗುತ್ತದೆ? ವಿಷಯ ನನಗೆ ವಾಪಸು ಬರುತ್ತದೆ. ಇವನು "ಸಾರಿ ಮಿರೇ" ಅಂತ ಹಲ್ಲು ಕಿರಿದು ಇನ್ನೊಂದು ವಿಷಯ ಹಿಡಿಯುತ್ತಾನೆ, ಸಂಜೆ ಮ್ಯಾಂಡೊಲಿನ್ ಬಾರಿಸುತ್ತಾನೆ. ಅಷ್ಟೇ? ಅಷ್ಟು ಸಾಲದು. ಇವನು ಸೂಟು ಹಾಕಿಕೊಂಡು, ಅಪ್ಪ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ತುಂಬಿದ ಸಭೆಯಲ್ಲಿ ನಿಂತಿರುವಾಗ ಮಣ್ಣು ಮುಕ್ಕಬೇಕು. ಅದನ್ನು ನಾನು ಕಣ್ಣಾರೆ ನೋಡಬೇಕು.

"ಪುರಾವೆ ಏನೂ ಇಲ್ಲ ಸರ್," ಅಂದಳು. "ನಂದೇ ತಪ್ಪು ತಿಳುವಳಿಕೆ ಇರ್ಬೇಕು."

ಫಾಬ್ರಿಸಿಯೊ ಎದ್ದು ಬಂದು ಅವಳನ್ನು ತಬ್ಬಿಕೊಂಡ. ಅವಳು ತಬ್ಬಿಸಿಕೊಂಡಳು.

ಆಮೇಲಿನ ಐದು ತಿಂಗಳು ಅವಳು ಮಾಡಿದ ನಾಟಕ ಇದೆಯಲ್ಲ, ರಂಗಮಂದಿರದಲ್ಲಿ ಸಂಬಳ ತೆಗೆದುಕೊಂಡು ಮಾಡುವವರ ಕೈಲೂ ಆಗುವುದಿಲ್ಲ. ಗಣಿ ನೀರಿನ ಹುಳಿಯ ಬಗ್ಗೆ ಯಾರಿಗೂ ಬೇಡದ ಒಂದು ವಿಷಯ ಹಿಡಿದಳು. ಅದರಿಂದ ಡಿಗ್ರಿ ಒಂದು ವರ್ಷ ಮುಂದಕ್ಕೆ ಹೋಯಿತು, ಹೋಗಲಿ ಅಂದಳು. ಅಪ್ಪನ ಕಿವಿಗೆ ಬಾಯಿಟ್ಟು, "ನಕ್ಷೆ ಅವನು ಮಾಡ್ತಾನೆ, ನೀರು ನಾನು ಮಾಡ್ತೀನಿ, ಒಂದೇ ಗಣಿ, ಇಬ್ರೂ ಹಂಚ್ಕೊಂಡಿದೀವಿ" ಅಂತ ಕೂಗಿ ಹೇಳಿದಳು. ಅಪ್ಪ ತಲೆಯಾಡಿಸಿದ. "ಒಳ್ಳೇದಾಯ್ತು. ಹುಡುಗ ಒಳ್ಳೇವ್ನು, ಕೈ ಕುಲುಕೋವಾಗ ಕಣ್ಣು ನೋಡ್ತಾನೆ," ಅಂದ. ಎದೆ ಕೆಟ್ಟಿರುವ ಮನುಷ್ಯನಿಗೆ ನಿಜ ಹೇಳಿ ಯಾಕೆ ಕೆಮ್ಮಿಸುವುದು ಅಂತ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗೆದ್ದಮೇಲೆ ಹೇಳಿದರಾಯಿತು.

ಮಧ್ಯಾಹ್ನದ ಊಟ ಅವಳದೂ ದೊನ್ಯ ಚೋಲೆಯ ಮನೆಯಲ್ಲೇ. ಅಮ್ಮ ಸತ್ತ ಮೇಲಿನಿಂದ ಹಾಗೆ. ಉದ್ದನೆಯ ಮೇಜು, ಒಂಬತ್ತು ಜನ ಹುಡುಗರು, ಬೇಳೆ ಸಾರು, ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ಜೋಳದ ರೊಟ್ಟಿ, ತಲಾ ಒಂದು ಮೆಣಸಿನಕಾಯಿ. ಮಿರೇಯಾ ಫಾಬ್ರಿಸಿಯೊನ ಪಕ್ಕದಲ್ಲೇ ಕೂರುತ್ತಿದ್ದಳು.

"ಎಷ್ಟು ಪುಟ ಆಯ್ತೋ?"

"ತೊಂಬತ್ತು! ನಕ್ಷೆ ಎಲ್ಲಾ ಬಣ್ಣದಲ್ಲಿ. ಡಾಕ್ಟರ್ ನೋಡಿ ಏನಂದ್ರು ಗೊತ್ತಾ? ಇಂಥ ಅಳತೆ ನನ್ನ ಸರ್ವೀಸಲ್ಲೇ ನೋಡಿಲ್ಲ ಅಂದ್ರು."

"ನೋಡಿರಕ್ಕಿಲ್ಲ ಬಿಡು," ಅಂದಳು ಮಿರೇಯಾ, ರೊಟ್ಟಿ ಮುರಿಯುತ್ತ. "ನೀನೇ ಕೈಯಾರೆ ಅಳೆದದ್ದು ಅಂತ ಮುನ್ನುಡೀಲಿ ಬರಿ ಕಣೋ. ಪರೀಕ್ಷಕರಿಗೆ ಅದು ಇಷ್ಟ ಆಗುತ್ತೆ."

"ಬರೀಲಾ? ನೀನೇನೂ ಅನ್ಕೊಳಲ್ಲ ತಾನೇ?"

"ಛೇ, ನಾನ್ಯಾಕೆ ಅನ್ಕೊಳ್ಲಿ?"

ಅವನು ಬರೆದ. ದೊನ್ಯ ಚೋಲೆ ಮಾತ್ರ ಪಾತ್ರೆ ತೊಳೆಯುವಾಗ ಮಿರೇಯಾಳ ಮುಂಗೈ ಹಿಡಿದು ನಿಲ್ಲಿಸಿದಳು. ನಲವತ್ತು ವರ್ಷದಿಂದ ವಿದ್ಯಾರ್ಥಿಗಳ ಹೊಟ್ಟೆ ನೋಡಿದವಳು, ಮುಖ ನೋಡಿದರೆ ಒಳಗೇನಿದೆ ಅಂತ ಗೊತ್ತಾಗುತ್ತಿತ್ತು.

"ಏನೇ ಮಾಡ್ತಿದೀಯ ಆ ಹುಡುಗಂಗೆ?"

"ಏನೂ ಇಲ್ಲ ದೊನ್ಯ ಚೋಲೆ. ಬಡಿಸ್ತಿದೀನಿ."

"ಅದೇ ಕೇಳಿದ್ದು. ಹರಕೆ ಕುರಿಗೆ ಬಡಿಸಿದಂಗೆ ಬಡಿಸ್ತೀಯಲ್ಲ! ಜಗಳ ಆಡೋದಿದ್ರೆ ಆಡಿ ಮುಗ್ಸೇ ತಾಯಿ. ಎರಡು ಬಾರ್ಸು, ನಾನೇ ಹಿಡ್ಕೋತೀನಿ ಬೇಕಾದ್ರೆ. ಹಿಂಗೆ ನಗ್ತಾ ನಗ್ತಾ ಮಾಡೋದು ಒಳ್ಳೇದಲ್ಲ."

ಮಿರೇಯಾ ಕೈ ಬಿಡಿಸಿಕೊಂಡು ತಟ್ಟೆ ಒರೆಸಿದಳು.

ತಪ್ಪು ತಾನಾಗಿ ಬಯಲಾಗುವುದಿಲ್ಲ, ಬಯಲು ಮಾಡುವವರು ಬೇಕು. ಓರ್ದಾಸರನ್ನು ನಂಬಿದರೆ ಕಳ್ಳ ಡಿಗ್ರಿ ಹೊತ್ತುಕೊಂಡು ಹೋಗುತ್ತಾನೆ. ಪರೀಕ್ಷಕರಲ್ಲಿ ಇನ್ನೊಬ್ಬ ಇಂಜಿನಿಯರ್ ಬಾಲ್ತಸಾರ್, ಉತ್ತರದ ಕಡೆಯಿಂದ ಹೊಸದಾಗಿ ಬಂದ ಚಿಕ್ಕ ವಯಸ್ಸಿನವನು. ಉಪಗ್ರಹ, ಲೇಸರು ಬಿಟ್ಟರೆ ದೇವರನ್ನೂ ನಂಬದವನು. ವಾರಾ ಅಂದರೇನೆಂದು ಅವನಿಗೆ ಗೊತ್ತಿರುವ ಸಂಭವವೇ ಇರಲಿಲ್ಲ. ಮಿರೇಯಾ ಅವನ ಕೈಕೆಳಗೆ ಸರ್ವೆ ಕೆಲಸಕ್ಕೆ ಸೇರಿದಳು. ಸಾನ್ ಎಲ್ಫೆಗೊದ ಹಿಂದಿನ ಬಾವಿ ಇರುವುದು ಗುಡ್ಡದ ಮೇಲಿನ ಒಬ್ಬ ಮುದುಕಿಯ ಮೇಕೆ ದೊಡ್ಡಿಯೊಳಗೆ. ಅದರ ಬಾಯಿ ಗುಡ್ಡದಲ್ಲಿ ಎಲ್ಲಿ ತೆರೆಯುತ್ತದೆ ಅಂತ ಯಾವ ನಕ್ಷೆಯಲ್ಲೂ ಇಲ್ಲ, ಫಾಬ್ರಿಸಿಯೊ ಅದನ್ನು ಕನಸಿನಲ್ಲೂ ಕಂಡಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಅವಳು ಏನೂ ತಿಳಿಯದವಳ ಹಾಗೆ, "ಇಂಜಿನಿಯರೇ, ಇಲ್ಲೊಂದು ಹಳೇ ಬಾವಿ ಬಾಯಿ ಇದೆ, ಮೇಕೆ ಬಿದ್ದು ಸಾಯ್ತವೆ, ಗುರುತು ಹಾಕ್ಕೊಳೋಣ್ವಾ?" ಅಂದಳು. ಅವನು ದೊಡ್ಡ ಬಾವಿಗೂ ಇದಕ್ಕೂ, ಗುಡ್ಡದ ಮೇಲೆ ಕಂಡ ಇನ್ನೆರಡು ಸುರಂಗದ ಬಾಯಿಗೂ ಉಪಕರಣ ಹೂಡಿದ. ಎರಡು ಬಾವಿಗಳ ನಡುವಿನ ದೂರ ಇನ್ನೂರ ಒಂಬತ್ತು ಮೀಟರ್ ಅರವತ್ತು ಸೆಂಟಿಮೀಟರ್. ಬರೆದುಕೊಂಡ. ಮಿರೇಯಾ ಆ ಇಳಿಜಾರಿನಲ್ಲಿ ಸಿಳ್ಳೆ ಹಾಕಿಕೊಂಡು ಮನೆಗೆ ಹೋದಳು.

ದುಃಖಮಾತೆಯ ಶುಕ್ರವಾರ ಬಂತು. ಅವತ್ತು ಬೆಳಿಗ್ಗೆ ಊರಿನ ಗಂಡು ಹುಡುಗರೆಲ್ಲ ಉದ್ಯಾನದಲ್ಲಿ ಸುತ್ತು ಹೊಡೆಯುತ್ತ ಹುಡುಗಿಯರಿಗೆ ಹೂವು ಕೊಡುತ್ತಾರೆ. ಫಾಬ್ರಿಸಿಯೊ ಒಂದು ತೋಳಿನ ತುಂಬ ಬಿಳಿ ಹೂ ತಂದು ಎಲ್ಲರೆದುರು ಮಿರೇಯಾಳ ಕೈಗಿಟ್ಟ. "ಮುಂದಿನ ಬುಧವಾರ ನನ್ನ ಪರೀಕ್ಷೆ. ನೀನು ಬರ್ಲೇಬೇಕು. ನಿಮ್ಮಪ್ಪನ್ನೂ ಕರ್ಕೊಂಡು ಬಾ, ಅವ್ರಿಗೊಂದು ಥ್ಯಾಂಕ್ಸ್ ಬರ್ದಿದೀನಿ," ಅಂದ. ಅಪ್ಪನನ್ನು ಕರೆತರುವುದು ಅವಳ ಲೆಕ್ಕದಲ್ಲಿರಲಿಲ್ಲ. ಆದರೆ ಆ ಸಂಜೆಯೇ ಅವನು ಅಚ್ಚಾದ ಪ್ರಬಂಧದ ಒಂದು ಪ್ರತಿಯನ್ನು ಮನೆಗೇ ತಂದುಕೊಟ್ಟು ಹೋದ. 'ನನ್ನ ಮಾರ್ಗದರ್ಶಿ ದೋನ್ ವೆನ್ಸೆಯವರಿಗೆ' ಅಂತ ಒಳಪುಟದಲ್ಲಿ ಒಂದು ಸಾಲು. ಅಪ್ಪ ತನ್ನ ಹೆಸರಿನ ಅಕ್ಷರ ಗುರುತು ಹಿಡಿದು, ಬೆರಳಿಟ್ಟು, ಬಂದವರಿಗೆಲ್ಲ ತೋರಿಸಿದ. ಐದು ರಾತ್ರಿ ಆ ಪುಸ್ತಕ ಅವನ ದಿಂಬಿನ ಪಕ್ಕದಲ್ಲಿತ್ತು. ಇನ್ನು ಬರಬೇಡ ಅನ್ನುವುದು ಹೇಗೆ?

ಬುಧವಾರ ಹನ್ನೊಂದು ಗಂಟೆಗೆ ಸಭಾಂಗಣ ಭರ್ತಿ. ಮುಂದಿನ ಸಾಲಿನಲ್ಲಿ ಲೆಯೋನಿನ ಬಳಗ, ಒಬ್ಬೊಬ್ಬರ ಕಾಲಲ್ಲೂ ಹೊಳೆಯುವ ಹೊಸ ಷೂ. ವೇದಿಕೆಯ ಮೇಜಿನ ಹಿಂದೆ ಮೂವರು ಪರೀಕ್ಷಕರು: ನಡುವೆ ಓರ್ದಾಸರು, ಬಲಕ್ಕೆ ಬಾಲ್ತಸಾರ್, ಎಡಕ್ಕೆ ರಸಾಯನಶಾಸ್ತ್ರದ ಮೇಡಂ. ದೋನ್ ವೆನ್ಸೆ ಮದುವೆಯ ಕೋಟು ಹಾಕಿ, ಟೋಪಿ ಮೊಣಕಾಲ ಮೇಲಿಟ್ಟು ಕೊನೆಯ ಸಾಲಿನಲ್ಲಿ ಕೂತ. ಅವನಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ಪರದೆಯ ಮೇಲೆ ತನ್ನ ಅಂಕಿಗಳು ಒಂದೊಂದಾಗಿ ಬಂದಾಗ ಮಗಳ ಮಂಡಿ ಒತ್ತಿ, "ಇನ್ನೂರೈವತ್ತು! ನೋಡಿದ್ಯಾ, ನಮ್ದೇ!" ಅಂತ ಪಿಸುಗುಟ್ಟಿದ. ಅವನ ಪಿಸುಮಾತು ಮೂರು ಸಾಲಿಗೆ ಕೇಳಿಸಿತು.

ಬಾಲ್ತಸಾರ್ ಗಂಟಲು ಸರಿಮಾಡಿಕೊಂಡ. ಮಿರೇಯಾ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಈ ಅಳತೆ ಎಲ್ಲಾ ತಾವೇ ತಗೊಂಡದ್ದು ಅಂತ ಮುನ್ನುಡೀಲಿದೆ."

"ಹೌದು ಇಂಜಿನಿಯರೇ. ನನ್ನ ಕೈಯಾರೆ."

"ದೊಡ್ಡ ಬಾವಿಯಿಂದ ಹಿಂದಿನ ಬಾವಿಗೆ ನೇರ ಸುರಂಗ, ಇನ್ನೂರೈವತ್ತು ಮೀಟರ್. ಸರಿ. ನಾನು ಫೆಬ್ರವರೀಲಿ ಮೇಲೆ ಅಳೆದಾಗ ಎರಡು ಬಾವಿ ಮಧ್ಯೆ ಇನ್ನೂರೊಂಬತ್ತೂ ಚಿಲ್ಲರೆ ಇತ್ತು. ಮೇಲಿಗಿಂತ ಕೆಳಗೆ ನೇರ ದಾರಿ ನಲವತ್ತು ಮೀಟರ್ ಉದ್ದ ಹೆಂಗಾಗುತ್ತೆ? ಸ್ವಲ್ಪ ಬಿಡಿಸಿ ಹೇಳಿ."

ಫಾಬ್ರಿಸಿಯೊ ನಕ್ಷೆಯ ಹಾಳೆ ತಿರುವಿದ. ಬೆವರಿದ ಕಾಲರಿನೊಳಗೆ ಬೆರಳು ಹಾಕಿದ. ಬಾಲ್ತಸಾರ್ ಇನ್ನೊಂದು ಸುರಂಗ ಕೇಳಿದ, ಮತ್ತೊಂದು ಕೇಳಿದ. ಯಾವುದೂ ಹೊಂದಲಿಲ್ಲ. ಮುಂದಿನ ಸಾಲಿನಲ್ಲಿ ಅವನಮ್ಮ ಬೀಸಣಿಗೆ ನಿಲ್ಲಿಸಿದಳು. ಅಬ್ಬಾ! ಐದು ತಿಂಗಳು ಕಾದದ್ದಕ್ಕೂ ಸಾರ್ಥಕವಾಯಿತು. ಮಿರೇಯಾ ಆ ಬೆವರನ್ನು ತೊಟ್ಟು ತೊಟ್ಟಾಗಿ ಎಣಿಸಿದಳು. ಕುಡಿದಳು ಅಂದರೂ ತಪ್ಪಿಲ್ಲ.

ಆಗ ಫಾಬ್ರಿಸಿಯೊ ಕೈ ಎತ್ತಿ ಕೊನೆಯ ಸಾಲಿನ ಕಡೆ ತೋರಿಸಿದ.

"ಒಂದು ಮಾತು ಒಪ್ಕೋಬೇಕು ಸರ್. ಅಳತೆ ನಂದಲ್ಲ. ಅಲ್ಲಿ ಕೂತಿದಾರಲ್ಲ, ಆ ಹಿರಿಯರದು. ಹಳೇ ಕೆಲಸಗಾರರು, ಶಾಲೆ ಕಂಡವ್ರಲ್ಲ, ಕತ್ತಲಲ್ಲಿ ಕೋಲಿಟ್ಕೊಂಡು ಅಂದಾಜಿಗೆ ಅಳೀತಾರೆ. ಪಾಪ ಅಂತ ನಂಬಿಬಿಟ್ಟೆ. ನಂಬಿದ್ದೇ ನನ್ನ ತಪ್ಪು."

ಇಡೀ ಸಭೆ ಹಿಂದಕ್ಕೆ ತಿರುಗಿ ದೋನ್ ವೆನ್ಸೆಯನ್ನು ನೋಡಿತು. ಅವನಿಗೆ ಏನು ಕೇಳಿಸಿತ್ತು? ಏನೂ ಇಲ್ಲ. ಹುಡುಗ ತನ್ನ ಕಡೆ ಕೈತೋರಿಸಿದ, ಜನ ತಿರುಗಿ ನೋಡಿದರು. ಥ್ಯಾಂಕ್ಸ್ ಹೇಳುತ್ತಿದ್ದಾನೆ ಅಂದುಕೊಂಡ. ಕುರ್ಚಿ ಹಿಡಿದು ಮೆಲ್ಲಗೆ ಎದ್ದುನಿಂತ, ಟೋಪಿಯನ್ನು ಎದೆಗಿಟ್ಟುಕೊಂಡ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿ ನಮಸ್ಕಾರ ಮಾಡಿದ. ಯಾರೋ ಕಿಸಕ್ಕೆಂದರು. ಮಿರೇಯಾ ಅವನ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದಳು.

ತೀರ್ಮಾನಕ್ಕಾಗಿ ಸಭೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುವುದು ಪದ್ಧತಿ. ಎಲ್ಲರೂ ಮೊಗಸಾಲೆಗೆ ಬಂದರು. ಅಪ್ಪ ಅವಳ ತೋಳು ಹಿಡಿದ.

"ಯಾಕೆ ಎಲ್ಲಾ ಮುಖ ಸಣ್ಣ ಮಾಡ್ಕೊಂಡಿದಾರೆ? ಏನಾಯ್ತು?"

ಈಗಲೇ ಹೇಳಿದರೆ? ಒಂದೇ ಒಂದು ಮಾತು, ವಾರಾ. ಬಾಲ್ತಸಾರ್ ಗುಣಿಸಿ ನೋಡುತ್ತಾನೆ, ಎಲ್ಲ ಸರಿಹೊಂದುತ್ತದೆ, ಅಪ್ಪನ ಮಾನ ಉಳಿಯುತ್ತದೆ. ಅದರ ಜೊತೆ ಆ ಕಳ್ಳನೂ ಪಾಸಾಗುತ್ತಾನೆ. ಅವನು ಅಳತೆ ತನ್ನದಲ್ಲ ಅಂತ ಜಾಣತನದಲ್ಲಿ ಜಾರಿಕೊಂಡಾಗಿದೆ. ಉಳಿದಿರುವುದು ಲೆಕ್ಕದ ತಪ್ಪೊಂದೇ, ಅದೂ ಒಂದು ಗುಣಾಕಾರದಲ್ಲಿ ಮಾಯ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಹತ್ತು ನಿಮಿಷದಲ್ಲಿ ಅವನು ನಪಾಸು. ಹತ್ತೇ ನಿಮಿಷ.

"ಅಳತೆ ಹೊಂದ್ತಿಲ್ಲ ಅಂತಿದಾರೆ!" ಅಂತ ಅಪ್ಪನ ಕಿವಿಯಲ್ಲಿ ಕೂಗಿದಳು. ಮುಂದೆ ಹೇಳಲಿಲ್ಲ.

"ಯಾವ ಅಳತೆ? ನಮ್ದಾ?"

ಅವಳು ತಲೆಯಾಡಿಸಿದಳು. ದೋನ್ ವೆನ್ಸೆ ಟೋಪಿಯ ಅಂಚನ್ನು ತಿರುಗಿಸಿದ. "ಇರ್ಬೋದು. ದೀಪ ಸಣ್ಣದಿತ್ತು. ಕೆಮ್ಮು ಬಂದಾಗ ಎಣಿಕೆ ತಪ್ಪಿರ್ಬೋದು," ಅಂದ. ಆಮೇಲೆ ಮಗಳ ತೋಳು ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ನೇರ ಫಾಬ್ರಿಸಿಯೊ ಹತ್ತಿರ ಹೋದ.

"ಮಗಾ, ಮುದುಕನ ಕಣ್ಣು. ನನ್ನ ಲೆಕ್ಕದಿಂದ ನಿನ್ನ ಬಾಳಿಗೆ ಕುತ್ತು ಬಂತು. ತಪ್ಪಾಯ್ತಪ್ಪ, ಕ್ಷಮಿಸ್ಬಿಡು." ಕಿವುಡನಲ್ಲವೇ, ಮೊಗಸಾಲೆಯ ಆ ತುದಿಗೂ ಕೇಳಿಸಿತು. ಅಷ್ಟಕ್ಕೇ ನಿಲ್ಲದೆ ಅವನ ತಾಯಿಯ ಕಡೆ ತಿರುಗಿ, "ನೀವೂ ಕ್ಷಮಿಸ್ಬೇಕು ತಾಯಿ," ಅಂತ ಬಗ್ಗಿದ.

"ಇಂಥವ್ರನ್ನ ನಂಬಿ ಕೆಟ್ವಿ," ಅಂದಳು ಅವಳು, ಗಂಡನಿಗೆ, ದೋನ್ ವೆನ್ಸೆ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ಫಾಬ್ರಿಸಿಯೊ ಮುದುಕನ ಭುಜ ತಟ್ಟಿದ. ಆ ಹಾಳಾದವನ ಕಣ್ಣಲ್ಲಿ ನೀರು ಬೇರೆ. "ಹೋಗ್ಲಿ ಬಿಡಿ ದೋನ್ ವೆನ್ಸೆ. ವಯಸ್ಸಾಯ್ತು. ನನ್ನ ಮನಸ್ಸಲ್ಲಿ ಏನೂ ಇಲ್ಲ. ಕ್ಷಮಿಸಿದೀನಿ."

ಕ್ಷಮಿಸಿದೀನಿ! ಕದ್ದವನು ಕಳಕೊಂಡವನನ್ನು ಕ್ಷಮಿಸಿದ! ಮಿರೇಯಾಳಿಗೆ ಮೈಯೆಲ್ಲ ಬೆಂಕಿ ಹತ್ತಿತು. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು, ತನ್ನ ಮುಖಕ್ಕೂ. ಕಾಲು ತಾವಾಗಿ ಮುಚ್ಚಿದ ಬಾಗಿಲ ಕಡೆ ನಡೆದವು. ತಟ್ಟಲಿಲ್ಲ, ತಳ್ಳಿಕೊಂಡೇ ಒಳಗೆ ನುಗ್ಗಿದಳು.

"ಇದೇನಮ್ಮ, ತೀರ್ಮಾನ ನಡೀತಿದೆ!" ಅಂತ ಓರ್ದಾಸರು ಎದ್ದರು.

"ಅವು ಮೀಟರಲ್ಲ, ವಾರಾ. ನಮ್ಮಪ್ಪ ಅಳೆದದ್ದು ವಾರಾದಲ್ಲಿ. ಇಂಜಿನಿಯರೇ, ಗುಣಿಸಿ ನೋಡಿ. ಇನ್ನೂರೈವತ್ತಕ್ಕೆ ಸೊನ್ನೆ ಬಿಂದು ಎಂಟು ಮೂರು ಎಂಟು."

ಬಾಲ್ತಸಾರ್ ಫೋನು ತೆಗೆದು ಒತ್ತಿದ. ಮತ್ತೊಮ್ಮೆ ಒತ್ತಿದ. ಎರಡನೇ ಸುರಂಗ, ಮೂರನೇ ಸುರಂಗ. "ಇನ್ನೂರೊಂಬತ್ತೂವರೆ! ನನ್ನ ಲೇಸರಿಗೂ ಇವರ ಕೋಲಿಗೂ ಹತ್ತು ಸೆಂಟಿಮೀಟರ್ ವ್ಯತ್ಯಾಸ," ಅಂದ. ಅವನ ದನಿಯೇ ಬದಲಾಗಿತ್ತು. "ಕತ್ತಲಲ್ಲಿ, ಕೋಲಲ್ಲಿ? ಯಾರ್ರೀ ಈ ಮನುಷ್ಯ?"

"ನಿಂಗೆ ಯಾವಾಗ ಗೊತ್ತಾಯ್ತು?" ರಸಾಯನದ ಮೇಡಂ ಕೇಳಿದರು.

"ನವೆಂಬರಲ್ಲಿ." ಅವಳು ಚೀಲದಿಂದ ಹದಿನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಅವನು ಕದ್ದದ್ದು. ಇಲ್ಲಿ ಸಹಿ ಇದೆ, ತಾರೀಖಿದೆ."

ಓರ್ದಾಸರು ಹಾಳೆಗಳನ್ನು ತಿರುವಿ ಹಾಕಿದರು. ಅವರ ಮುಖ ಕಪ್ಪಿಟ್ಟಿತು. ಪ್ರಬಂಧದ ಮೇಲೆ ಅವರದೂ ಸಹಿ ಇತ್ತಲ್ಲ. "ಅವತ್ತು ಇದನ್ನ ಇಟ್ಟಿದ್ರೆ ಇವತ್ತು ಆ ಜಾಗದಲ್ಲಿ ನೀನು ನಿಂತಿರ್ತಿದ್ದೆ," ಅಂದರು. "ನಾನು ಕೇಳ್ದೆ, ನೀನೇ ಇಲ್ಲ ಅಂದೆ. ಆ ದೂರು ಅವತ್ತಿಗೇ ಮುಗೀತು, ಈಗ ತೆರೆಯೋ ಹಾಗಿಲ್ಲ. ಹೊರಗೆ ಹೋಗಮ್ಮ."

ಅವಳು ಹಾಳೆಗಳನ್ನು ಎತ್ತಿಕೊಂಡು ಹೊರಗೆ ಬಂದಳು.

ಗಂಟೆ ಬಾರಿಸಿ ಎಲ್ಲರನ್ನೂ ಒಳಗೆ ಕರೆದರು. ಎರಡಕ್ಕೆ ಒಂದು ಮತ, ತಿದ್ದುಪಡಿಗೆ ಒಂದು ತಿಂಗಳು ಗಡುವು, ಉತ್ತೀರ್ಣ. ಫಾಬ್ರಿಸಿಯೊ ಕೈ ಮುಂದೆ ಚಾಚಿ, ವೃತ್ತಿಯನ್ನು ಪ್ರಾಮಾಣಿಕವಾಗಿ ನಡೆಸುತ್ತೇನೆ ಅಂತ ಪ್ರಮಾಣ ಮಾಡಿದ. ಲೆಯೋನಿನವರು ಕುರ್ಚಿ ಹತ್ತಿ ಚಪ್ಪಾಳೆ ಹೊಡೆದರು. ಬಾಲ್ತಸಾರ್ ಮಾತ್ರ ವೇದಿಕೆ ಇಳಿದು ನೇರ ಕೊನೆಯ ಸಾಲಿಗೆ ಬಂದು, ದೋನ್ ವೆನ್ಸೆಯ ಎರಡೂ ಕೈ ಹಿಡಿದು, "ಹತ್ತು ಸೆಂಟಿಮೀಟರ್! ಬರೀ ಹತ್ತು!" ಅಂತ ಕಿವಿಯಲ್ಲಿ ಕೂಗಿದ. ದೋನ್ ವೆನ್ಸೆ ಅಳುತ್ತ ನಕ್ಕ, ನಗುತ್ತ ಕೆಮ್ಮಿದ.

ಹೊರಗೆ ದೊಡ್ಡ ಮೆಟ್ಟಿಲ ಸಾಲಿನ ಮೇಲೆ ವಿದ್ಯಾರ್ಥಿ ಮೇಳದ ಹುಡುಗರು ಗೆಳೆಯನನ್ನು ಹೊತ್ತು ಕುಣಿಸುತ್ತಿದ್ದರು. ಅವನಮ್ಮ ಈಗ ದೋನ್ ವೆನ್ಸೆಯನ್ನು ಊಟಕ್ಕೆ ಕರೆದಳು, ಕೈಮಾಡಿ, ನಕ್ಕು.

"ಬಾ ಮಗಳೇ," ಅಂದ ಅಪ್ಪ. "ಕುರಿಮಾಂಸ ನೆಲದಲ್ಲಿ ಹೂತು ಬೇಯ್ಸಿದಾರಂತೆ. ಆ ಹುಡುಗನ ಕೈ ಕುಲುಕಿ ಹೋಗೋಣ. ನಾನು ಕೆಡಿಸ್ದೆ ಅನ್ಕೊಂಡಿದ್ದಾಗ್ಲೂ ಒಂದು ಬಿರುಸು ಮಾತಾಡ್ಲಿಲ್ಲ ಅವ್ನು."

ಮಿರೇಯಾ ಅವನ ತೋಳು ಹಿಡಿದು ನಿಲ್ಲಿಸಿದಳು. ಕಿವಿಗೆ ಬಾಯಿಟ್ಟಳು. "ಕೈ ಕುಲುಕ್ಬೇಡ. ನಿನ್ನ ಪುಸ್ತಕ ಕದ್ದದ್ದು ಅವ್ನು."

"ಏನು? ಗಟ್ಟಿಯಾಗಿ ಹೇಳು."

"ಅವ್ನು ಕಳ್ಳ ಅಪ್ಪ! ನೀನು ಆಸ್ಪತ್ರೇಲಿದ್ದಾಗ ಕದ್ದ! ವಾರಾನ ಮೀಟರ್ ಅಂತ ಬರ್ದ! ಅವ್ನು ಬೀಳ್ಲಿ ಅಂತ ನಾನು ಸುಮ್ನಿದ್ದೆ!"

ಮ್ಯಾಂಡೊಲಿನ್ ನಿಂತಿತು. ಮೆಟ್ಟಿಲ ಮೇಲಿದ್ದವರೆಲ್ಲ ಈ ಕಡೆ ತಿರುಗಿದರು. ಹುಡುಗರು ಫಾಬ್ರಿಸಿಯೊನನ್ನು ಕೆಳಗಿಳಿಸಿದರು. ಅವನ ಮುಖ ಸುಣ್ಣವಾಗಿತ್ತು. ಅದನ್ನು ನೋಡಲು ಮಿರೇಯಾ ಐದು ತಿಂಗಳು ಕಾದಿದ್ದಳು, ಈಗ ಆ ಕಡೆ ತಿರುಗಲಿಲ್ಲ.

"ಯಾವತ್ತಿಂದ ಸುಮ್ನಿದ್ದೆ?" ಅಪ್ಪ ಕೇಳಿದ.

"ನವೆಂಬರಿಂದ!"

"ಒಳಗೆ ಎಲ್ರೂ ತಿರುಗಿ ನನ್ನ ನೋಡಿದ್ರಲ್ಲ. ಆಗ ಏನಂದ್ರು?"

ಅವಳು ಚೀಲದ ಜಿಪ್ಪು ಎಳೆದಳು. ಅವನು ಕಿವಿಯನ್ನು ಅವಳ ಬಾಯಿ ಹತ್ತಿರ ತಂದ. "ಹೇಳು."

"ನೀನು ಅಂದಾಜಿಗೆ ಅಳೆದೆ ಅಂದ್ರು! ಶಾಲೆ ಕಂಡವ್ನಲ್ಲ ಅಂದ್ರು!"

"ನಾನು ಎದ್ದು ನಮಸ್ಕಾರ ಮಾಡ್ದೆ," ಅಂದ ದೋನ್ ವೆನ್ಸೆ.

ಕಂಕುಳಲ್ಲಿದ್ದ ಪ್ರಬಂಧದ ಪ್ರತಿಯನ್ನು ತೆಗೆದು ಮೆಟ್ಟಿಲ ಮೇಲೆ ಇಟ್ಟ. ಟೋಪಿ ಹಾಕಿಕೊಂಡ. ಅವನಿಗೆ ಉಸಿರು ತಿರುಗಲು ಬಹಳ ಹೊತ್ತು ಹಿಡಿಯಿತು. ಮಿರೇಯಾ ಮೊಣಕೈ ಹಿಡಿಯಲು ಹೋದಳು, ಅವನು ಸರಿಸಿಕೊಂಡ.

"ನವೆಂಬರಲ್ಲೇ ಹೇಳಿದ್ರೆ ನಾನೇ ಹೋಗಿ ಅವ್ನ ಕಾಲು ಮುರೀತಿದ್ದೆ ಕಣೇ," ಅಂದ. ಅವನು ಕೂಗುತ್ತಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಈ ಎದೆ ಇಟ್ಕೊಂಡೂ ಮುರೀತಿದ್ದೆ. ನೀನು ನನ್ನ ಕೈಲಿ ಅವ್ನ ಕಾಲು ಹಿಡಿಸ್ದೆ."

ಹಾಗಂದು ಅವನು ಒಬ್ಬನೇ ಮೆಟ್ಟಿಲು ಇಳಿದು, ಓಣಿ ಹತ್ತಿ, ಮನೆ ಕಡೆ ಹೊರಟ.